ತೆಗೆದ ಫೋಟೋಗಳು

ಫೆಬ್ರವರಿ ೨, ಭಾನುವಾರ

ನನ್ನ ಅಕ್ಷರ ಚೆನ್ನಾಗಿಲ್ಲ. ಒತ್ತಕ್ಷರ ಎಲ್ಲಿ ತಪ್ಪುತ್ತೇನೋ ನನಗೇ ಗೊತ್ತಾಗುವುದಿಲ್ಲ. ಓದುವವರು ಕ್ಷಮಿಸಬೇಕು ಅಂತ ಬರೆಯೋಣ ಅಂದುಕೊಂಡೆ, ಆದರೆ ಇದನ್ನು ಓದುವವಳು ನಾನೊಬ್ಬಳೇ. ಐದನೇ ಕ್ಲಾಸಿನ ಮೇಲೆ ನಮ್ಮ ಹಳ್ಳಿಯಲ್ಲಿ ಶಾಲೆ ಇರಲಿಲ್ಲ, ಬಸ್ಸಿನಲ್ಲಿ ಹೊಸದುರ್ಗಕ್ಕೆ ಕಳಿಸಲು ಅಮ್ಮ ಒಪ್ಪಲಿಲ್ಲ. ಇಲ್ಲಿ ವಿಶಾಖಪಟ್ಟಣದಲ್ಲಿ ಅಂಗಡಿ ಬೋರ್ಡಿನಿಂದ ಉಪ್ಪಿನ ಪೊಟ್ಟಣದವರೆಗೆ ಎಲ್ಲ ತೆಲುಗು. ಬರೆಯದೇ ಇದ್ದರೆ ಇರುವ ಕನ್ನಡವೂ ಕೈಬಿಟ್ಟು ಹೋಗುತ್ತದೆ. ಅದಕ್ಕೆ ಈ ನೋಟುಬುಕ್ಕು.

ಇವತ್ತು ರಜೆ. ಭೀಮುನಿಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬಲೆಗಳ ಫೋಟೋ ತೆಗೆದೆ. ದೋಣಿ ಎಳೆಯುವವರ ಬೆನ್ನು, ಮೀನಿನ ಬುಟ್ಟಿ ಹೊತ್ತವರ ಬೆನ್ನು. ನನ್ನ ಫೋಟೋಗಳಲ್ಲೆಲ್ಲ ಬೆನ್ನೇ. ಮುಖ ಬೇಕು ಅಂದರೆ ಅವರನ್ನು ಕೇಳಬೇಕು, ಕೇಳುವುದು ನನ್ನಿಂದ ಆಗುವುದಿಲ್ಲ. ಹನ್ನೆರಡು ಫೋಟೋ ಆಗುವಷ್ಟರಲ್ಲಿ ಬ್ಯಾಟರಿ ಸತ್ತಿತು. ನಿನ್ನೆ ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿ ಬೀರುವಿನಲ್ಲಿ ಇಟ್ಟಿದ್ದೆ. ಮುಟ್ಟದೇ ಇಟ್ಟರೂ ಒಂದೇ ದಿನಕ್ಕೆ ಖಾಲಿಯಾಗುತ್ತದೆ. ಭಾವ ಯಾವುದೋ ಬಂದರಿನಲ್ಲಿ ಕೊಂಡದ್ದು, ಹನ್ನೆರಡು ವರ್ಷದ ಕ್ಯಾಮೆರಾ. ಅದಕ್ಕೂ ವಯಸ್ಸಾಯಿತು.

ಹೊಸದು ತೆಗೆದುಕೊಳ್ಳಬೇಕು ಅಂತ ಅಕ್ಕನಿಗೆ ಹೇಳಿದೆ. ಅಕ್ಕ ಸೊಪ್ಪು ಬಿಡಿಸುತ್ತಾ, ತಗೋ, ನೀನು ದುಡಿದದ್ದು, ಅಂದಳು. ಅಷ್ಟೇ. ಈಗ ಅವಳು ಮಾತಾಡುವುದೇ ಅಷ್ಟು.

ಫೆಬ್ರವರಿ ೪, ಮಂಗಳವಾರ

ವಿಜಯವಾಡದಿಂದ ಕನಕಲಕ್ಷ್ಮಿ ಚಿಕ್ಕಮ್ಮ ಫೋನ್ ಮಾಡಿದ್ದರು. ಚಿಕ್ಕಪ್ಪನಿಗೆ ಗೊತ್ತಿರುವ ಫಣಿ ಅನ್ನುವವರು ಅಲ್ಲಿ ಹಳೇ ಕ್ಯಾಮೆರಾ ಕೊಂಡು ಮಾರುವ ಅಂಗಡಿ ಇಟ್ಟಿದ್ದಾರಂತೆ. ಹಳೆಯದನ್ನು ಚಾರ್ಜರು, ಚೀಲ, ಕಾರ್ಡು ಎಲ್ಲ ಸೇರಿಸಿ ಕೊಟ್ಟು ಮೇಲೆ ಸ್ವಲ್ಪ ದುಡ್ಡು ಹಾಕಿದರೆ ಮಿರರ್‌ಲೆಸ್ ಅನ್ನುವ ಹೊಸ ಥರದ ಕ್ಯಾಮೆರಾ, ಚೆನ್ನಾಗಿರುವುದು ಒಂದು ಕೊಡುತ್ತಾರಂತೆ. ಒಬ್ಬರೇ ಮಾಲೀಕರ ಕೈಯಲ್ಲಿ ಎರಡು ವರ್ಷ ಇದ್ದದ್ದು.

ಕೊಡಲು ಒಂದೇ ಯೋಚನೆ. ಅದರೊಳಗೆ ಆ ಹನ್ನೊಂದು ಫೋಟೋ ಇವೆ.

ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಇಲ್ಲಿ ಬರೆಯಬಹುದು. ನಾನು ಈ ಊರಿಗೆ ಬಂದದ್ದು ಅಕ್ಕನ ಬಾಣಂತನಕ್ಕೆ ಅಂತ. ಬಾಣಂತನ ಆಗಲಿಲ್ಲ. ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು ಗಾಜಿನ ಪೆಟ್ಟಿಗೆಯಲ್ಲಿ ಒಂಬತ್ತು ದಿನ ಇತ್ತು. ಭಾವ ನೇವಿಯವರು, ಹಡಗು ಆಗ ಸಮುದ್ರದ ನಡುವೆ ಎಲ್ಲಿತ್ತೋ. ಅವರು ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದು ವಾರ ಆಗಿತ್ತು. ಮಣ್ಣು ಮಾಡಿದ್ದು ವಿಜಯವಾಡದಿಂದ ಬಂದ ಸೂರ್ಯಪ್ರಕಾಶ ಚಿಕ್ಕಪ್ಪ. ಭಾವ ಮಗುವಿನ ಮುಖ ನೋಡಲೇ ಇಲ್ಲ.

ಹೆಸರಿಡುವವರೆಗೆ ಫೋಟೋ ತೆಗೆಯಬಾರದು ಅಂತ ಊರಿನಿಂದ ಅಮ್ಮ ದಿನಾ ಫೋನಿನಲ್ಲಿ ಹೇಳುತ್ತಿದ್ದಳು. ಒಳಗೆ ಹೋಗುವಾಗ ಆಸ್ಪತ್ರೆಯವರು ಫೋನುಗಳನ್ನು ತೆಗೆದಿಟ್ಟುಕೊಳ್ಳುತ್ತಿದ್ದರು. ನನ್ನ ಚೀಲದಲ್ಲಿ ಈ ಕ್ಯಾಮೆರಾ ಇದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಐದನೇ ದಿನ ಅಕ್ಕನನ್ನು ಗಾಲಿ ಕುರ್ಚಿಯಲ್ಲಿ ಗಾಜಿನ ಹತ್ತಿರ ಕರೆದುಕೊಂಡು ಹೋಗಿದ್ದೆ. ಕ್ಯಾಮೆರಾ ಹೊರಗೆ ತೆಗೆದೆ. ಅಕ್ಕ ನನ್ನನ್ನು ನೋಡಿ, "ತೆಗಿ" ಅಂದಳು. ನಾನು ಫೋಟೋ ತೆಗೆದೆ. ಹನ್ನೊಂದು.

ಮಗು ಹೋದ ಮೇಲೆ, ಇನ್ನೂ ದಾರಿಯಲ್ಲಿದ್ದಾಗಲೇ ಭಾವ ಫೋನಿನಲ್ಲಿ ಕೇಳಿದರು, ಒಂದಾದರೂ ಫೋಟೋ ಇದೆಯಾ ಅಂತ. ಅಷ್ಟರಲ್ಲಿ ಊರಿನಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಅಕ್ಕ ಇಲ್ಲ ಅಂದಳು. ನಾನು ಅಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಅಕ್ಕ ಅದನ್ನು ಮರೆತಿದ್ದಾಳೆ ಅನ್ನಿಸುತ್ತದೆ. ನಾನೂ ತೆರೆದು ನೋಡುವುದಿಲ್ಲ. ಇವೆ ಅಂತ ಗೊತ್ತು, ಅಷ್ಟೇ. ಯಾವತ್ತೋ ಒಂದು ದಿನ ಭಾವನಿಗೆ ಬೇಕಾಗುತ್ತವೆ.

ಫಣಿ ಅವರನ್ನು ಕೇಳಿ ಹೊಸ ಕ್ಯಾಮೆರಾಗೆ ಹಾಕಿಸಿಕೊಂಡರೆ ಆಯಿತು.

ಫೆಬ್ರವರಿ ೯, ಭಾನುವಾರ

ನಿನ್ನೆ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋಗಿ ಇವತ್ತು ಬಂದೆ. ನಾನು ಸೀರೆಗೆ ಫಾಲ್ ಹೊಲಿಯುವ ದ್ವಾರಕಾ ನಗರದ ಅಂಗಡಿಗೆ ಅಕ್ಕನೇ ಫೋನ್ ಮಾಡಿ ರಜೆ ಕೇಳಿದಳು. ಒಡತಿ ಮಾಧವೀಲತಾ ಅವರ ಮುಂದೆ ನನಗೆ ಮಾತು ಬರುವುದಿಲ್ಲ.

ಚಿಕ್ಕಪ್ಪ ತೆಲುಗಿನವರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವರ ಕನ್ನಡ ಊಟ ಆಯ್ತಾ, ಚೆನ್ನಾಗಿದೀಯಾ ಅನ್ನುವುದನ್ನು ದಾಟಿಲ್ಲ. ಚಿಕ್ಕಮ್ಮ ಹೇಳುತ್ತಾರೆ, ಜಗಳಕ್ಕೆ ಬೇಕಾದಷ್ಟು ಕಲಿಸಿಲ್ಲ ಕಣೆ, ಅದಕ್ಕೇ ಸಂಸಾರ ನಡೀತಿದೆ, ಅಂತ. ನನ್ನನ್ನು ಅಂಗಡಿಗೆ ಬಿಟ್ಟು ಚಿಕ್ಕಪ್ಪ ಮಾರ್ಕೆಟ್ಟಿಗೆ ಹೋದರು. ಒಬ್ಬಳೇ ಆದೆ.

ಫಣಿ ಅವರಿಗೆ ಐವತ್ತು ಇರಬಹುದು. ಮೂಗಿನ ತುದಿಯಲ್ಲಿ ಕನ್ನಡಕ. ಹಳೆಯ ಕ್ಯಾಮೆರಾ ತಿರುಗಿಸಿ ಮುರುಗಿಸಿ ನೋಡಿ, ಬ್ಯಾಟರಿ ಚೆನ್ನಾಗೇ ಇದೆಯಲ್ಲಮ್ಮಾ, ಅಂದರು. ಇಲ್ಲ, ಒಂದೇ ದಿನಕ್ಕೆ ಹೋಗುತ್ತದೆ ಅಂತ ನಿಜ ಹೇಳಿದೆ. ಹೊಸದನ್ನು ಕೈಗೆ ಕೊಟ್ಟರು. ಕಣ್ಣಿಟ್ಟು ನೋಡುವ ಕಿಂಡಿ ಇದೆ. ಅದರೊಳಗೆ ರಸ್ತೆ, ಆಟೋ, ಮಲ್ಲಿಗೆ ಮಾರುವವಳ ಬೆರಳು ಎಲ್ಲ ಅಷ್ಟು ಹತ್ತಿರ ಬಂದವು.

ಫೋಟೋಗಳ ವಿಷಯ ಕೇಳಲು ಧೈರ್ಯ ಮಾಡಿದೆ. ರೈಲಿನಲ್ಲಿ ಬರುವಾಗಲೇ ತೆಲುಗಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. "ಫೋಟೋಲನ್ನೀ ತೀಸೇಯಂಡಿ" ಅಂದೆ, ಫೋಟೋ ಎಲ್ಲ ತೆಗೆದುಕೊಡಿ ಅಂತ. ಅವರು ನನ್ನನ್ನೊಮ್ಮೆ ನೋಡಿದರು, ಸರೇ ಅಂದರು, ಏನೋ ಒತ್ತಿದರು. ಕ್ಷಣದಲ್ಲಿ ಆಯಿತು. ತೀಸೇಶಾನಮ್ಮಾ, ತೆಗೆದಾಯಿತು ಅಂದರು. ಸಂಕೋಚ ಬಿಟ್ಟು ಒಂದು ವಾಕ್ಯ ಹೇಳಿದ್ದಕ್ಕೆ ಖುಷಿಯಾಯಿತು.

ಸಂಜೆ ಚಿಕ್ಕಮ್ಮನ ಜೊತೆ ಕೃಷ್ಣೆಯ ದಡಕ್ಕೆ ಹೋಗಿ ಕತ್ತಲಾಗುವವರೆಗೆ ಫೋಟೋ ತೆಗೆದೆ. ಹೊಸದರಲ್ಲಿ ಮಬ್ಬು ಬೆಳಕಿಗೂ ನೀರಿನ ಗೆರೆ ಕಾಣುತ್ತದೆ.

ಫೆಬ್ರವರಿ ೧೦, ಸೋಮವಾರ

ಹೊಸ ಕ್ಯಾಮೆರಾದಲ್ಲಿ ಹುಡುಕಿದೆ. ಕೃಷ್ಣೆಯ ಫೋಟೋ ಇವೆ. ಅದರ ಹಿಂದೆ ಏನೂ ಇಲ್ಲ.

ಚಿಕ್ಕಮ್ಮನಿಗೆ ಫೋನ್ ಮಾಡಿ, ಯಾವ ಫೋಟೋ ಅನ್ನದೆ ವಿಷಯ ಹೇಳಿದೆ. ನೀನು ಏನಂತ ಹೇಳಿದೆ, ಅಂದರು. ಹೇಳಿದ್ದನ್ನೇ ಹೇಳಿದೆ. ತೆಗೆದುಕೊಡಿ ಅನ್ನುವುದಕ್ಕೆ ತೀಸಿವ್ವಂಡಿ ಅನ್ನಬೇಕಂತೆ. ತೀಸೇಯಂಡಿ ಅಂದರೆ ತೆಗೆದುಹಾಕಿ, ಅಳಿಸಿ ಅಂತ ಅಂತೆ.

ಫೆಬ್ರವರಿ ೧೧, ಮಂಗಳವಾರ

ಎಂಟು ಸೀರೆಗೆ ಫಾಲ್ ಹಾಕಿದೆ. ಒಂದಕ್ಕೆ ಉಲ್ಟಾ ಹೊಲಿದು ಬಿಚ್ಚಿದೆ.

ಫೆಬ್ರವರಿ ೧೩, ಗುರುವಾರ

ಊಟದ ಹೊತ್ತಿನಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಫಣಿ ಅವರಿಗೆ ಫೋನ್ ಮಾಡಿದೆ. ಎರಡು ಸಲ ಅವರು ಎತ್ತಿದ ಕೂಡಲೇ ಇಟ್ಟುಬಿಟ್ಟೆ. ಮೂರನೇ ಸಲ ಅವರೇ ಮಾಡಿದರು. ಹೇಳಿದೆ. "ಮೀರೇ ಕದಮ್ಮಾ ತೀಸೇಯಮನ್ನಾರು" ಅಂದರು. ನೀವೇ ತಾನೇ ಅಳಿಸಿ ಅಂದದ್ದು. ಕೋಪದಿಂದ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. ಕ್ಯಾಮೆರಾ ಆಗಲೇ ಯಾರೋ ತೆಗೆದುಕೊಂಡು ಹೋದರಂತೆ. ಕಾರ್ಡು ಮಾತ್ರ ಅವರ ಹತ್ತಿರ ಇದೆ. ಅಂಗಡಿಗೆ ಬರುವ ಕ್ಯಾಮೆರಾಗಳನ್ನು ಅದನ್ನು ಹಾಕಿಯೇ ಪರೀಕ್ಷೆ ಮಾಡುತ್ತಿದ್ದಾರಂತೆ. ಅಳಿಸಿದ್ದನ್ನು ವಾಪಸ್ ತರುವ ದಾರಿ ಇದೆ, ಪೂರ್ತಿ ಬರುತ್ತದೆ ಅಂತ ಹೇಳಲಾರೆ, ಅಂದರು. ಆಮೇಲೆ ಕೇಳಿದರು, ಅಷ್ಟು ಮುಖ್ಯವಾದವಾ ಅಂತ.

ಇಲ್ಲ, ಊರಿನ ಫೋಟೋ, ಅಂದೆ.

ಹಾಗಾದರೆ ಈ ಕಡೆ ಬಂದಾಗ ಯಾವತ್ತಾದರೂ ನೋಡೋಣ ಅಂದರು.

ಊರಿನ ಫೋಟೋ ಅಂತ ಯಾಕೆ ಅಂದೆನೋ. ಮಗು ಹೋಯಿತು ಅಂತ ನಾನು ಇಲ್ಲಿಯವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಬೇರೆಯವರು ಹೇಳಿದ್ದಾರೆ, ನಾನು ತಲೆ ತಗ್ಗಿಸಿ ನಿಂತಿದ್ದೇನೆ.

ಫೆಬ್ರವರಿ ೧೮, ಮಂಗಳವಾರ

ಕೆಲಸದಿಂದ ಬಂದಾಗ ಅಕ್ಕ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದಳು. ನನ್ನ ಬಟ್ಟೆಗಳೆಲ್ಲ ಹೊರಗಿದ್ದವು.

"ಹಳೇ ಕ್ಯಾಮೆರಾ ಎಲ್ಲಿಟ್ಟಿದೀಯ ಧನು?"

ಹೊಸದಕ್ಕೆ ಬದಲು ಕೊಟ್ಟೆ ಅಂದೆ. ಹಳೆಯದನ್ನು ಕೊಡುವ ವಿಷಯ ಅವಳಿಗೆ ಮೊದಲು ಹೇಳಿರಲಿಲ್ಲ.

"ಅದರೊಳಗೆ ಇದ್ವಲ್ಲ. ಅವು?"

ಅಕ್ಕನಿಗೆ ನೆನಪಿತ್ತು. ನಾನೂ ಅವಳ ಎದುರಿಗೆ ನೆಲದ ಮೇಲೆ ಕೂತೆ. ಅವಳು ದಿನಾ ನೋಡುತ್ತಿದ್ದಳಂತೆ. ನಾನು ಕೆಲಸಕ್ಕೆ ಹೋದ ಮೇಲೆ, ಅಡುಗೆ ಮುಗಿಸಿ, ಕೈ ಒರೆಸಿಕೊಂಡು, ಬ್ಯಾಟರಿ ಮುಗಿಯುವವರೆಗೆ. ನಾನು ಪ್ರತಿ ವಾರ ಬ್ಯಾಟರಿ ಹಾಳಾಗಿದೆ ಅನ್ನುವಾಗ ಸೊಪ್ಪು ಬಿಡಿಸುತ್ತಾ ಸುಮ್ಮನೆ ಕೇಳಿಸಿಕೊಂಡಿದ್ದಳು. ಫೋನಿಗೆ ಹಾಕಿಕೊಂಡರೆ ಭಾವನ ಕಣ್ಣಿಗೆ ಬೀಳುತ್ತದೆ ಅಂತ ಹಾಕಿಕೊಂಡಿರಲಿಲ್ಲ. ಈಗ ಒಂದು ವಾರದಿಂದ ಹುಡುಕುತ್ತಿದ್ದಾಳೆ. ಕೇಳಿದರೆ ನೋಡುತ್ತಿದ್ದದ್ದು ನನಗೆ ಗೊತ್ತಾಗುತ್ತದೆ ಅಂತ ಕೇಳಿರಲಿಲ್ಲ.

ಎಲ್ಲ ಹೇಳಿದೆ. ತೀಸೇಯಂಡಿ ಅಂದದ್ದನ್ನೂ ಹೇಳಿದೆ.

ಅಕ್ಕ ಕೂಗಾಡಲಿಲ್ಲ. ನನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಒಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು. "ನಿಮ್ಮ ಭಾವ ಮಾರ್ಚಿನಲ್ಲಿ ಬರ್ತಾರೆ. ಈ ಸಲ ತೋರಿಸಿಬಿಡ್ತೀನಿ ಅಂತಿದ್ದೆ. ಸುಳ್ಳು ಹೇಳಿದ್ದೆ ರೀ, ಫೋಟೋ ಇದಾವೆ ಅಂತ ಹೇಳಬೇಕು ಅಂತಿದ್ದೆ. ಅದನ್ನ ದಿನಾ ಹೇಳಿ ಹೇಳಿ ನೋಡ್ಕೊಂಡಿದ್ದೆ ಕಣೆ. ಈಗ ಏನು ತೋರಿಸ್ಲಿ?"

ಫೆಬ್ರವರಿ ೨೦, ಗುರುವಾರ

ಅಕ್ಕ ಮಾತಾಡಿಸುತ್ತಿಲ್ಲ. ಊಟದ ಡಬ್ಬಿ ಮಾತ್ರ ಬಾಗಿಲ ಹತ್ತಿರ ಇಟ್ಟಿರುತ್ತಾಳೆ.

ಹೊಸ ಫೋಟೋ ತೆಗೆದ ಹಾಗೆಲ್ಲ ಕಾರ್ಡಿನಲ್ಲಿ ಅಳಿಸಿದ್ದರ ಜಾಗದಲ್ಲಿ ಅದು ಕೂರುತ್ತದೆ ಅಂತ ಚಿಕ್ಕಪ್ಪ ಯಾರನ್ನೋ ಕೇಳಿ ತಿಳಿದುಕೊಂಡು ಹೇಳಿದರು. ಫಣಿ ಅವರಿಗೆ ಫೋನ್ ಮಾಡಿದೆ. ಆ ಕಾರ್ಡು ಮುಟ್ಟಬೇಡಿ, ಶನಿವಾರ ಬರುತ್ತೇನೆ, ಅಂದೆ. ಅವರು ಏನೋ ಕೇಳುವಷ್ಟರಲ್ಲಿ ಇಟ್ಟೆ.

ಫೆಬ್ರವರಿ ೨೧, ಶುಕ್ರವಾರ

ಮಾಧವೀಲತಾ ಅವರಿಗೆ ನಾಳೆ ಬರುವುದಿಲ್ಲ ಅಂದೆ. ಮದುವೆ ಸೀಸನ್ನಿನಲ್ಲಿ ರಜೆಯಾ ಅಂದರು. ಹೌದು ಅಂದೆ.

ಫೆಬ್ರವರಿ ೨೩, ಭಾನುವಾರ

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ರೈಲಿನಲ್ಲಿ ನನ್ನ ಸೀಟಿನಲ್ಲಿ ಒಬ್ಬರು ಕೂತಿದ್ದರು, ಏಳಿಸಿ ಕೂತೆ. ದಾರಿಯುದ್ದಕ್ಕೂ ತೆಲುಗಿನಲ್ಲಿ ಹೇಳಬೇಕಾದದ್ದನ್ನು ಹೇಳಿಕೊಂಡೆ. ಚಿಕ್ಕಮ್ಮ ಜೊತೆಗೆ ಬರುತ್ತೇನೆ ಅಂದರು, ಬೇಡ ಅಂದೆ.

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಫಣಿ ಅವರು ನನ್ನನ್ನು ನೋಡಿ, ಏನಮ್ಮಾ, ಊರಿನ ಫೋಟೋಗೆ ಇಷ್ಟು ದೂರ ಬಂದಿರಾ ಅಂತ ನಕ್ಕರು. ಕಲಿತುಕೊಂಡು ಬಂದ ತೆಲುಗು ಒಂದಕ್ಷರ ಬರಲಿಲ್ಲ. ಬಂದದ್ದು ಕನ್ನಡ.

"ಊರಿನ ಫೋಟೋ ಅಲ್ಲ. ನಮ್ಮಕ್ಕನ ಮಗು. ಒಂಬತ್ತು ದಿನ ಇತ್ತು, ಹೋಯ್ತು. ಅದರಪ್ಪ ಇನ್ನೂ ಮುಖ ನೋಡಿಲ್ಲ."

ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಅಕ್ಕ, ದಿನ, ಅಪ್ಪ, ಮುಖ, ಇಷ್ಟು ಸಾಕಾಯಿತೇನೋ. ಅಥವಾ ನಾನು ಕೈಯಲ್ಲಿ ಮಗುವಿನ ಅಳತೆ ತೋರಿಸಿದೆನಾ, ನೆನಪಿಲ್ಲ. ನಗು ನಿಂತಿತು. ಕನ್ನಡಕ ತೆಗೆದು ಕೆಳಗಿಟ್ಟು ಕೇಳಿದರು.

"ಪಾಪಾ? ಬಾಬಾ?"

ಹೆಣ್ಣೋ ಗಂಡೋ ಅಂತ. ಪಾಪ ಅಂದೆ.

ಗಿರಾಕಿಗಳನ್ನು ಸಂಜೆ ಬನ್ನಿ ಅಂತ ಕಳಿಸಿ, ಶಟರನ್ನು ಅರ್ಧಕ್ಕೆ ಎಳೆದರು. ನನಗೆ ಸ್ಟೂಲು ಹಾಕಿ ಮಜ್ಜಿಗೆ ತರಿಸಿದರು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಎರಡೂವರೆ ತಾಸು ಕೂತರು. ಪರದೆಯ ಮೇಲೆ ಒಂದೊಂದೇ ಬರುತ್ತಿತ್ತು. ಮೊದಲು ಅಂಗಡಿಯ ಫ್ಯಾನು. ಮತ್ತೆ ಫ್ಯಾನು. ಗೋಡೆಯ ಕ್ಯಾಲೆಂಡರು ಆರು ಸಲ. ಅವರು ಪರೀಕ್ಷೆಗೆ ತೆಗೆದದ್ದೆಲ್ಲ. ಪ್ರತಿ ಸಲ ಫ್ಯಾನು ಬಂದಾಗ ಅವರು ತಲೆ ಕೆಳಗೆ ಹಾಕುತ್ತಿದ್ದರು. ಅವರ ತಪ್ಪೇನೂ ಇರಲಿಲ್ಲ. ಅದನ್ನು ಹೇಳಿದೆ ಕೂಡ, ತಪ್ಪು ನನ್ನದು ಅಂತ. ಹಾಗನ್ನಬೇಡಮ್ಮಾ, ಅಷ್ಟು ದೊಡ್ಡ ಕೆಲಸಕ್ಕೆ ಮುಂಚೆ ನಾನು ಇನ್ನೊಂದು ಸಲ ಕೇಳಬೇಕಿತ್ತು, ಅಂದರು.

ಆ ಹನ್ನೊಂದರಲ್ಲಿ ನಾಲ್ಕು ಬಂದವು.

ಒಂದು, ಕಾಲು. ಹಿಮ್ಮಡಿಗೆ ಪಟ್ಟಿ ಕಟ್ಟಿ ಅಕ್ಕನ ಹೆಸರು ಬರೆದಿದೆ. ಒಂದು, ಗಾಜಿನಲ್ಲಿ ಅಕ್ಕನ ನೆರಳು, ಅದರೊಳಗೆ ಮಗು. ಒಂದರಲ್ಲಿ ನನ್ನ ಬೆರಳು ಅಡ್ಡ ಬಂದಿದೆ, ಮಗುವಿನ ಕೂದಲು ಮಾತ್ರ ಕಾಣುತ್ತದೆ. ಇದು ಚೆನ್ನಾಗಿಲ್ಲ ಅಂತ ಅವತ್ತೇ ನಾನು ಅಳಿಸಬೇಕೆಂದಿದ್ದದ್ದು. ನಾಲ್ಕನೆಯದು ಮುಖ. ಹಣೆ, ಮುಚ್ಚಿದ ಕಣ್ಣು, ಮೂಗು. ಅದರ ಕೆಳಗೆ ಬರೀ ಬೂದು ಬಣ್ಣ. ಬಾಯಿ, ಗಲ್ಲ ಬರಲಿಲ್ಲ. ಎಷ್ಟು ಸಲ ಪ್ರಯತ್ನಿಸಿದರೂ ಅಷ್ಟೇ.

ಪೆನ್‌ಡ್ರೈವಿಗೆ ಹಾಕಿ, ಇನ್ನೊಂದು ಪೆನ್‌ಡ್ರೈವಿಗೂ ಹಾಕಿ, ಎರಡನ್ನೂ ಬೇರೆ ಬೇರೆ ಕಡೆ ಇಡಿ ಅಂದರು. ಆಮೇಲೆ ಶಟರು ಎತ್ತಿದರು. ಹೊರಗೆ ಬಿಸಿಲು ಚೆನ್ನಾಗಿತ್ತು.

ಫೆಬ್ರವರಿ ೨೫, ಮಂಗಳವಾರ

ಅಕ್ಕನಿಗೆ ಹೇಳಲು ಎರಡು ದಿನ ಬೇಕಾಯಿತು. ಬಂದದ್ದು ನಾಲ್ಕೇ ಅಂತ. ಇವತ್ತು ಹೇಳಿದೆ. ಏಳು ಹೋದವು ಅಂತ ಮೊದಲು ಹೇಳಿ, ಆಮೇಲೆ ನಾಲ್ಕಿವೆ ಅಂದೆ. ಅಕ್ಕ ಯಾವ ನಾಲ್ಕು ಅಂದಳು. ಕಾಲು ಅಂದ ಕೂಡಲೇ, ಪಟ್ಟಿ ಕಟ್ಟಿರೋದಾ, ಅಂದಳು. ಪ್ರತಿಯೊಂದೂ ಅವಳಿಗೆ ಬಾಯಿಪಾಠ. ಮುಖದ್ದು ಅರ್ಧ ಅಂದಾಗ ಎದ್ದು ಒಳಗೆ ಹೋದಳು. ಬಹಳ ಹೊತ್ತು ನಲ್ಲಿ ಹರಿಯುವ ಸದ್ದು ಕೇಳುತ್ತಿತ್ತು.

ಮಾರ್ಚ್ ೩, ಸೋಮವಾರ

ಇಬ್ಬರೂ ದ್ವಾರಕಾ ನಗರದ ಸ್ಟುಡಿಯೋಗೆ ಹೋಗಿ ಪ್ರಿಂಟ್ ಹಾಕಿಸಿದೆವು. ಅಕ್ಕ ಮನೆ ಬಿಟ್ಟು ಇಷ್ಟು ದೂರ ಬಂದು ತಿಂಗಳುಗಳೇ ಆಗಿತ್ತು. ಸ್ಟುಡಿಯೋದವರು ಮುಖದ ಫೋಟೋ ನೋಡಿ, ಬೂದು ಭಾಗ ಕತ್ತರಿಸಿಬಿಡಲಾ ಅಂದರು. ಬೇಡ, ಇದ್ದ ಹಾಗೇ ಇರಲಿ ಅಂತ ಅಕ್ಕ ಹೇಳಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕವರು ಅಕ್ಕನ ಮಡಿಲಲ್ಲಿತ್ತು. ಫೋಟೋ ತೆಗೆದದ್ದಕ್ಕೇ ಹೀಗಾಯಿತೇನೋ ಅಂತ ನನಗೆ ಅನ್ನಿಸುತ್ತಿರುತ್ತದೆ ಅಂದೆ. ಇದನ್ನೂ ಯಾರಿಗೂ ಹೇಳಿರಲಿಲ್ಲ.

"ಶ್ವಾಸಕೋಶ ಬಲಿತಿರಲಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಅಮ್ಮ ಡಾಕ್ಟ್ರಲ್ಲ" ಅಂದಳು ಅಕ್ಕ. ಎರಡು ಸ್ಟಾಪು ಕಳೆದ ಮೇಲೆ ಮತ್ತೆ ಮಾತಾಡಿದಳು. "ಅವತ್ತು ನಾನು ತೆಗಿ ಅಂದಿದ್ದು ಕ್ಯಾಮೆರಾನ. ಆ ಕಡೆ ತೆಗಿ, ನರ್ಸು ನೋಡ್ತಾಳೆ, ಅಮ್ಮ ಬೈತಾಳೆ ಅಂತ. ನೀನು ಫೋಟೋ ತೆಗಿ ಅಂತ ತಿಳ್ಕೊಂಡೆ. ಟಪ ಟಪ ತೆಗೆದೇಬಿಟ್ಟೆ."

ನಾನು ಅವಳ ಮುಖ ನೋಡಿದೆ.

"ಇನ್ನೊಂದು ಸಲ ಹೇಳಬಹುದಿತ್ತು ನಾನು. ಹೇಳಲಿಲ್ಲ" ಅಂದಳು.

ಮಾರ್ಚ್ ೫, ಬುಧವಾರ

ಮೊನ್ನೆ ಭಾನುವಾರ ಭೀಮುನಿಪಟ್ಟಣಕ್ಕೆ ಹೋಗಿದ್ದನ್ನು ಬರೆಯಲು ಮರೆತಿದ್ದೆ. ಹೊಸ ಕ್ಯಾಮೆರಾದಲ್ಲಿ ಮೀನು ಒಣಗಿಸುವ ಮುದುಕಿಯ ಫೋಟೋ ಚೆನ್ನಾಗಿ ಬಂದಿದೆ. ಎರಡು ಹಲ್ಲಿಲ್ಲ, ನಗುತ್ತಿದ್ದಾಳೆ. ಪ್ರಿಂಟ್ ಹಾಕಿಸಿ ತಂದುಕೊಡು, ಇಲ್ಲದಿದ್ದರೆ ಬಿಡುವುದಿಲ್ಲ ಅಂದಿದ್ದಾಳೆ.

ಭಾವನ ಹಡಗು ಶನಿವಾರ ಬರುತ್ತದೆ.

ಮಾರ್ಚ್ ೯, ಭಾನುವಾರ

ಭಾವ ನಿನ್ನೆ ಸಂಜೆ ಬಂದರು. ಕಪ್ಪಗಾಗಿದ್ದಾರೆ, ಸ್ವಲ್ಪ ಇಳಿದಿದ್ದಾರೆ. ಅಕ್ಕ ಮುದ್ದೆ ಮಾಡಿದ್ದಳು. ಹಡಗಿನ ಅಡುಗೆಯವನಿಗೆ ಒಂದು ದಿನ ಮುದ್ದೆ ಕಲಿಸಲು ಹೋಗಿ ಗಂಜಿಯಾದ ಕಥೆ ಹೇಳಿ ನಗಿಸಿದರು. ಅಕ್ಕ ನಕ್ಕಳು, ಬಡಿಸಿದಳು, ಫೋಟೋದ ಮಾತು ಎತ್ತಲಿಲ್ಲ.

ಇವತ್ತು ಬೆಳಗ್ಗೆ ಭಾವ ಕಾಫಿ ಹಿಡಿದು ಪೇಪರು ನೋಡುತ್ತಾ ಕೂತಿದ್ದರು. ಅಕ್ಕ ಮೂರು ಸಲ ಕೋಣೆಗೆ ಹೋಗಿ ಬರಿಗೈಯಲ್ಲಿ ಬಂದಳು. ನಾಲ್ಕನೇ ಸಲ ನನ್ನನ್ನು ಒಳಗೆ ಕರೆದಳು. ಕವರು ಅವಳ ಕೈಯಲ್ಲಿತ್ತು. ನೀನೇ ಕೊಡೆ, ನಂಗೆ ಆಗಲ್ಲ, ಅಂತ ನನ್ನ ಕೈಗೆ ತುರುಕಿದಳು.

ಅದನ್ನು ವಾಪಸ್ ಅವಳ ಕೈಗೇ ಇಟ್ಟೆ.

"ಇದು ನೀನು ಹೇಳೋ ಮಾತು ಅಕ್ಕ. ಬೇಕಾದ್ರೆ ಫೋಟೋ ಅಳಿಸಿದ್ದು ನಾನು ಅಂತ ಹೇಳು. ನಾನು ಹೊರಗಿರ್ತೀನಿ."

ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದೆ. ಭಾವನ ಬಿಳಿ ಅಂಗಿಗಳು ಐದಿದ್ದವು, ಒಂದೊಂದಾಗಿ ಕೊಡವಿ ತಂತಿಗೆ ಹಾಕಿದೆ. ಅಕ್ಕನ ದನಿ ಕೇಳಿತು, ಮಾತು ಕೇಳಲಿಲ್ಲ. ಆಮೇಲೆ ಅದೂ ನಿಂತಿತು. ಬಕೆಟ್ಟು ಖಾಲಿಯಾಯಿತು. ಒಳಗೆ ಹೋಗುವ ಹಾಗಿರಲಿಲ್ಲ. ಮೊದಲನೆಯ ಅಂಗಿ ತೆಗೆದು, ತೋಳಿನ ಸುಕ್ಕು ಎಳೆದು, ಮತ್ತೆ ಹಾಕಿದೆ. ಎರಡನೆಯದನ್ನೂ ಹಾಗೇ ಮಾಡಿದೆ. ಐದೂ ಮುಗಿದು ಮತ್ತೆ ಮೊದಲನೆಯದಕ್ಕೆ ಬಂದಾಗ ಒಳಗಿನಿಂದ ಭಾವ ಕರೆದರು. ದನಿ ಒಡೆದಿತ್ತು.

"ಧನು, ಇಲ್ಲಿ ಬಾರಮ್ಮ. ಇದರಲ್ಲಿ ಕಾಣದೇ ಇರೋದು, ಬಾಯಿ, ಗಲ್ಲ, ಅದು ಯಾರ ಥರ ಇತ್ತು ಹೇಳು. ನಿಮ್ಮಕ್ಕ ನನ್ನ ಥರ ಅಂತಾಳೆ."

ಕೈಯಲ್ಲಿದ್ದ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿ ಒಳಗೆ ಹೋದೆ.